ಒಂದಕ್ಕೆ ಸೊನ್ನೆ ಕೂಡಿದರೆ ಮೂರು

ಟೈಲರ್ ಅಕ್ಕನವರಿಗೆ ನಮಸ್ಕಾರ.

ನಿಮ್ಮ ಮಗಳು ಮೊನ್ನೆಯಿಂದ ಶಾಲೆಗೆ ಬಂದಿಲ್ಲ. ಕಾರಣ ಜ್ವರವಲ್ಲ, ನಾನು.

ಕಂಪ್ಯೂಟರ್ ಹೇಗೆ ಕೂಡುತ್ತದೆಂದು ತೋರಿಸಲು ಮಕ್ಕಳನ್ನೇ ಯಂತ್ರದಂತೆ ನಿಲ್ಲಿಸಿದ್ದೆ. ಮುಂದಿನ ಇಬ್ಬರು ಲೆಕ್ಕ: ಕೈ ಎತ್ತಿದರೆ ಒಂದು, ಎತ್ತದಿದ್ದರೆ ಸೊನ್ನೆ. ಹಿಂದಿನ ಇಬ್ಬರು ಉತ್ತರ. ಉತ್ತರದ ಸಾಲಿನಲ್ಲಿ ಹುಡುಗನ ಕೈಗೆ ಒಂದರ ಬೆಲೆ, ನಿಮ್ಮ ಮಗಳ ಕೈಗೆ ಎರಡರ ಬೆಲೆ. ಮುಂದೆ ಒಬ್ಬರೇ ಎತ್ತಿದರೆ ಹುಡುಗ ಎತ್ತಬೇಕು, ಇಬ್ಬರೂ ಎತ್ತಿದರೆ ಮಾತ್ರ ಅವಳು ಎತ್ತಬೇಕು. ಪ್ರಾಸದ ಚಟದವನು ನಾನು, ಅವಳಿಗೆ ಹೇಳಿಕೊಟ್ಟದ್ದು ಹೀಗೆ:

ಮುಂದೆ ಕೈ ಕಂಡರೆ ಎತ್ತು ಕೈ,
ಕಾಣದಿದ್ದರೆ ಅಲುಗದಿರಲಿ ಮೈ.

‘ಇಬ್ಬರೂ’ ಎಂಬುದು ಲಯಕ್ಕೆ ಹೊಂದಲಿಲ್ಲ, ಬಿಟ್ಟೆ.

ಮುಂದೆ ಒಬ್ಬನೇ ಎತ್ತಿದ. ಹಿಂದೆ ಹುಡುಗನ ಜೊತೆ ಇವಳೂ ಎತ್ತಿದಳು. ಒಂದಕ್ಕೆ ಸೊನ್ನೆ ಕೂಡಿ ಮೂರಾಯಿತು. ತರಗತಿ ನಕ್ಕಿತು.

“ಕಂಪ್ಯೂಟರಿಗಿರೋ ಬುದ್ಧಿನೂ ಇಲ್ವೇನಮ್ಮಾ ನಿಂಗೆ?” ಎಂದೆ.

“ನೀವು ಹೇಳಿದ್ದನ್ನೇ ಮಾಡ್ದೆ, ಸರ್.”

ಎದುರುತ್ತರವೆಂದು ಹೊರಗೆ ನಿಲ್ಲಿಸಿದೆ. ಹೇಳಿದ್ದನ್ನು ಹೇಳಿದಂತೆ ಮಾಡುತ್ತದೆ ಎಂದು ಅದೇ ಪಾಠದಲ್ಲಿ ಕಂಪ್ಯೂಟರನ್ನು ಹೊಗಳಿದವನೂ ನಾನೇ. ಅಳತೆ ತಪ್ಪಾಗಿ ತೆಗೆದು ಕತ್ತರಿಯನ್ನು ಬೈಯುವವರನ್ನು ನೀವು ನೋಡಿರುತ್ತೀರಿ.

ನಾಳೆ ಅವಳನ್ನು ಕಳಿಸಿಕೊಡಿ. ಅವಳ ಜಾಗದಲ್ಲಿ ನಾನು ನಿಲ್ಲುತ್ತೇನೆ. ನಿಯಮವನ್ನು ಅವಳೇ ಹೇಳಲಿ, ಪ್ರಾಸವಿಲ್ಲದೆ. ನಾನು ತಪ್ಪಿದರೆ ತರಗತಿ ನಗಲಿ.

ಇಂತಿ,
ಅಂದು ಹೊರಗೆ ನಿಲ್ಲಬೇಕಿದ್ದ
ಕಂಪ್ಯೂಟರ್ ಮೇಷ್ಟ್ರು