ಮಾಡಿನ ಮೇಲೆ ಎಸೆದ ಹಲ್ಲು

೧೪-೧-೮೪, ಬೆಳಿಗ್ಗೆ ೭
ಪವರ್ ಹೌಸಿನಿಂದ ನೈಟ್ ಶಿಫ್ಟ್ ಮುಗಿಸಿ ಬಂದೆ. ತುಂಗ ಬಾಗಿಲಲ್ಲೇ ಕಾದಿದ್ದಳು — ಅಪ್ಪನಿಗಲ್ಲ, ಜೇಬಿನ ಪೆಪ್ಪರ್‌ಮೆಂಟಿಗೆ. ಏಳು ವರ್ಷದ ಪೋರಿ. ಮುಂದಿನ ಹಲ್ಲು ಬಿದ್ದಿದೆ. ಸಗಣಿಯಲ್ಲಿ ಸುತ್ತಿ, ಗರಿಕೆ ಸಿಕ್ಕಿಸಿ, ಕ್ವಾರ್ಟರ್ಸಿನ ಹೆಂಚಿನ ಮಾಡಿನ ಮೇಲೆ ಎಸೆದಳು. "ಹಳೇದು ತಗೊ, ಹೊಸದು ಕೊಡು" ಅಂತ ಕೂಗು ಬೇರೆ.

ಹೆಂಡತಿ ಜಲಜಳ ಗೊಣಗಾಟ. "ದಿನಾ ತಿನ್ನಿಸ್ತೀರಿ. ರಾತ್ರಿ ಹಲ್ಲುಜ್ಜಿಸಿ ಮಲಗ್ಸಾಣ ಅಂದ್ರೆ ನೀವೇ ಬ್ಯಾಡ ಅಂತೀರಿ."
"ಹಾಲುಹಲ್ಲು ಕಣೆ. ಬಿದ್ದೋಗೋದಕ್ಕೆ ಎಂತಕ್ಕೆ ಅಷ್ಟು ಉಪಚಾರ?"

೨-೬-೮೪
ತುಂಗ ಒಂದೇ ಕಡೆ ಅಗಿಯುತ್ತಾಳೆ. ಬಾಯಿ ತೆರೆಸಿದೆ. ಹಿಂದಿನ ಹಲ್ಲಲ್ಲಿ ಕಪ್ಪು ತೂತು. ಲವಂಗ ಇಟ್ಟೆ. ಸಾಗರದ ಹಲ್ಲಿನ ಡಾಕ್ಟರಿಗೆ ತೋರಿಸೋಣ ಅಂತಾಳೆ ಜಲಜ. ರಜೆ ಹಾಕಬೇಕು... ಅದೂ ಬೀಳುವ ಹಲ್ಲಿಗೆ. ನೋಡೋಣ.

೨೧-೮-೮೪
ತುಂಗಳ ಕೆನ್ನೆ ಊದಿ ಕಣ್ಣೇ ಮುಚ್ಚಿಹೋಗಿದೆ. ಜ್ವರ. ಮೊದಲ ಬಸ್ಸಿಗೇ ಸಾಗರ. ಹಾಲುಹಲ್ಲು ಅಂತ ಬಿಟ್ವಿ ಅಂದೆ. ಡಾಕ್ಟರು ಅವಳ ಬಾಯಿಗೆ ದೀಪ ಹಿಡಿದು ನನಗೂ ತೋರಿಸಿದರು.

"ಇದು ಹಾಲುಹಲ್ಲಲ್ಲ ಕನ್ನಪ್ಪನವರೇ. ಆರು ವರ್ಷಕ್ಕೆ, ಯಾವ ಹಲ್ಲೂ ಬೀಳದೆ ಹಿಂದೆ ಹೊಸದಾಗಿ ಬರೋ ದವಡೆ ಹಲ್ಲು. ಸಾಯೋವರೆಗೂ ಇರಬೇಕಾದ್ದು. ಜೂನಲ್ಲೇ ಬಂದಿದ್ರೆ ತುಂಬಿಸಿ ಉಳಿಸಬಹುದಿತ್ತು."

ಊತ ಇಳಿಯಲು ಮಾತ್ರೆ. ಆಮೇಲೆ ಕೀಳಬೇಕಂತೆ.

೨೮-೮-೮೪, ಸಂಜೆ
ಕಿತ್ತರು. ತುಂಗ ಹಲ್ಲನ್ನು ಕೇಳಿ ಇಸಿದುಕೊಂಡಳು. ಬಸ್ಸಿನಲ್ಲಿ ಮುಷ್ಟಿ ಬಿಡಲಿಲ್ಲ. ತಾಳಗುಪ್ಪ ದಾಟುವವರೆಗೂ ಜಲಜ ಅವಳ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ನನ್ನ ಉಡಾಫೆಗೆ ಮಗು ಹಲ್ಲು ಕಳೆದುಕೊಂಡಿತು.

ಮನೆಗೆ ಬಂದವಳೇ ಸಗಣಿ, ಗರಿಕೆ ಹುಡುಕಿದಳು. ಇದು ಮತ್ತೆ ಬರುವುದಿಲ್ಲ ಅನ್ನಬೇಕಿತ್ತು. ಬದಲಿಗೆ, ಎಸೆಯಲಿ ಅಂತ ಅವಳನ್ನು ಎತ್ತಿ ಹಿಡಿದೆ. ಬಾಯಲ್ಲಿ ಹತ್ತಿ, ಕೂಗಲಾಗಲಿಲ್ಲ ಅವಳಿಗೆ.

೩-೧೦-೮೪, ಊಟವಾದ ಮೇಲೆ
ಈಗ ದಿನಾ ರಾತ್ರಿ ಅಪ್ಪ-ಮಗಳು ಒಟ್ಟಿಗೆ ಹಲ್ಲುಜ್ಜುತ್ತೇವೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಪೆಪ್ಪರ್‌ಮೆಂಟ್ ತರುವುದಿಲ್ಲ. ಅವಳೂ ಕೇಳುವುದಿಲ್ಲ.

ಬ್ರಷ್ ತೊಳೆದಿಟ್ಟು ಕನ್ನಡಿ ಮುಂದೆ ಬಾಯಿ ತೆರೆದು ನಿಂತಳು.
"ಅಪ್ಪಯ್ಯ, ಬ್ಯಾಟರಿ ಹಿಡಿ. ಮುಂದಿಂದು ಬಂತು. ಇದು ಯಾಕೆ ಇನ್ನೂ ಬರ್ಲಿಲ್ಲ?"
ಹಿಡಿದೆ. ನೋಡುವಂತೆ ನಟಿಸಿದೆ.
"ನಾನು ಕೂಗಿ ಕೇಳ್ಲಿಲ್ಲ ಅಲ್ದಾ... ಅದಕ್ಕೇ. ನಂದೇ ತಪ್ಪು."
ಬ್ಯಾಟರಿ ಆರಿಸಿದೆ. ಇಲ್ಲ ಮಗಾ, ಅಂದೆ. ಅದು ಅಪ್ಪಯ್ಯನ ತಪ್ಪು, ಆ ಹಲ್ಲು ಇನ್ನು ಬರಲ್ಲ.