ಹನ್ನೊಂದು ಸೆಕೆಂಡು

ಮಲಪ್ರಭೆಯ ದಂಡೆ
ಫೆಬ್ರವರಿ ೩೦, ೨೨೩೧

ಹಿಂದಿನ ಕಾಲದವರಿಗೆ,

ಈ ತಾರೀಕು ನಿಮ್ಮಲ್ಲಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೆಲವು ಮಾತುಗಳೂ ನಿಮಗೆ ಹೊಸವೆನಿಸಬಹುದು. ಏಳನೆಯ ತರಗತಿ ಓದಿದವಳು, ತಿಳಿದಷ್ಟು ಬಿಡಿಸಿ ಹೇಳುತ್ತೇನೆ, ಮನ್ನಿಸಿ.

ನಮ್ಮ ಸೆರೆಮನೆಗೆ ತಿದ್ದುಮನೆ ಎನ್ನುತ್ತಾರೆ. ಅಲ್ಲಿಂದ ಯಾರನ್ನೇ ಬಿಡುವ ಮೊದಲು, ಅವರಿಗೆ ಮಕ್ಕಳ ಮೇಲೆ ಕೆಟ್ಟ ಆಸೆ ಇದೆಯೇ ಎಂದು ಪರೀಕ್ಷಿಸುತ್ತಾರೆ. ನೇರವಾಗಿ ಕೇಳಿದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಯಂತ್ರವೇ ಬರೆದ ಚಿತ್ರಗಳನ್ನು ತೋರಿಸಿ, ಚಿತ್ರ ಎಷ್ಟು ಚೆನ್ನಾಗಿದೆ, ಅಂಕ ಕೊಡಿ ಎನ್ನುತ್ತಾರೆ: ಮೈತುಂಬ ಬಟ್ಟೆ ತೊಟ್ಟ ಮುದುಕರು, ಹೆಂಗಸರು, ಮಕ್ಕಳು. ಆ ಅಂಕಗಳನ್ನು ಯಾರೂ ಓದುವುದಿಲ್ಲ. ಚಿತ್ರ ಬಂದಾಗಿನಿಂದ ಬೆರಳು ಅದನ್ನು ಸರಿಸುವವರೆಗಿನ ಹೊತ್ತನ್ನು ಅಳೆಯುತ್ತಾರೆ. ಅದಕ್ಕೆ ನೋಟಗಾಲ ಎಂದು ಹೆಸರು. ಮಗುವಿನ ಚಿತ್ರದ ಮೇಲೆ ಉಳಿದವಕ್ಕಿಂತ ಹೆಚ್ಚು ಹೊತ್ತು ನಿಂತರೆ ಕೆಟ್ಟ ಆಸೆ ಇದೆ ಎಂದೇ ಲೆಕ್ಕ. ಈ ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಆಣೆ ಮಾಡಿ ಇಪ್ಪತ್ತು ವರ್ಷ ಆ ಕೋಣೆಯ ನೆಲ ಒರೆಸಿದ್ದೇನೆ, ಬಂದವರಿಗೆ ನೀರು ಕೊಟ್ಟು ಕುರ್ಚಿಯಲ್ಲಿ ಕೂರಿಸಿದ್ದೇನೆ.

ಒಂದು ದಿನ ನನ್ನ ತಮ್ಮ ಮಾರ್ತಾಂಡನನ್ನೂ ಕೂರಿಸಿದೆ. ಅವನು ದರ್ಜಿ, ಜಗಳದಲ್ಲಿ ಒಬ್ಬನ ಕೈ ಮುರಿದು ಒಳಗೆ ಬಂದಿದ್ದ. ನೀರು ಕೊಟ್ಟೆ, ಗುಟ್ಟು ಹೇಳಲಿಲ್ಲ. ಇವನಿಗೇಕೆ ಬೇಕು ಎಂದುಕೊಂಡೆ.

ಒಂದು ಹುಡುಗಿಯ ಚಿತ್ರದ ಮೇಲೆ ಅವನು ಹನ್ನೊಂದು ಸೆಕೆಂಡು ನಿಂತ. ಬಿಡುಗಡೆ ತಡೆದರು. ಭೇಟಿಯ ದಿನ, ಅಷ್ಟು ಹೊತ್ತು ಏನು ನೋಡಿದೆ ಎಂದು ಕೇಳಿದೆ. "ಅಕ್ಕಾ, ಆ ಫ್ರಾಕಿನ ಬಲಗೈ ತೋಳು ಎಡಕ್ಕ ಹಚ್ಯಾರ. ಯಾ ಹುಚ್ಚ ಹೊಲದಾನಪಾ ಅಂತ ನೋಡಕೋತ ಕುಂತೆ," ಎಂದು ನಕ್ಕ.

ಪರೀಕ್ಷೆ ಮಾಡಿದ ಶಾಹೀನ್ ಮೇಡಂ ಅವರಿಗೆ ಹೇಳಿದೆ. "ಕಾರಣ ಎಲ್ಲಾರ ಹತ್ರನೂ ಇರ್ತಾವ, ಅಕ್ಕಾರ. ಹ್ವಾದ ವಾರದಾಂವನೂ ಛಲೋ ಕಾರಣಾನ ಹೇಳಿದ್ದ," ಎಂದರು. ಅದೂ ನಿಜ. ಆ ಮನುಷ್ಯ ಆಮೇಲೆ ಅಂಥ ಆಸೆ ಇದೆ ಎಂದು ತಾನೇ ಒಪ್ಪಿಕೊಂಡ. ಅವನ ಓಣಿಯ ಮಕ್ಕಳು ಉಳಿದರು. ನಮ್ಮ ಮಾರ್ತಾಂಡನ ಕಾಗದದಲ್ಲಿ ಮಾತ್ರ ಕಾರಣ ಬರೆಯಲು ಜಾಗವೇ ಇರಲಿಲ್ಲ. ಆ ಚಿತ್ರವನ್ನು ಮತ್ತೆ ಯಾರೂ ತೆಗೆದು ನೋಡಲಿಲ್ಲ. ಇನ್ನೊಬ್ಬರ ಸರದಿಯಲ್ಲಿ ಅದು ಬಂದಾಗ, ಒರೆಸುವ ಬಟ್ಟೆ ಹಿಡಿದು ನಾನು ನೋಡಿದೆ. ತೋಳು ತಪ್ಪೇ ಇತ್ತು.

ಸುದ್ದಿ ಒಳಗೆಲ್ಲ ಹರಡಿತು. ಊಟಕ್ಕೆ ಅವನ ಪಕ್ಕ ಯಾರೂ ಕೂರಲಿಲ್ಲ. ಕಡೆಗೆ ಅವನೇ ಊಟ ಬಿಟ್ಟ. ಶ್ರಾವಣದಲ್ಲಿ ತೀರಿಕೊಂಡ. ಅವನ ಅಳತೆ ಟೇಪು ನನ್ನ ಹತ್ತಿರ ಇದೆ.

ಇಂಥ ಪರೀಕ್ಷೆಗಳನ್ನು ನೀವು ಈಗ ಕಲಿಯುತ್ತಿದ್ದೀರಿ. ಬೇಡ ಎನ್ನಲು ನನಗೆ ಬಾಯಿಲ್ಲ. ಆ ಓಣಿಯ ಮಕ್ಕಳು ನೆನಪಾಗುತ್ತಾರೆ. ಹೊತ್ತು ಬರೆಯುವ ಕಡೆ, ಏನು ನೋಡಿದೆ ಎಂದು ಕೇಳಿ ಬರೆಯಲು ಎರಡು ಸಾಲು ಬಿಡಿ. ಬರೆದದ್ದು ನಿಜವೇ ಎಂದು ಒಬ್ಬರಾದರೂ ಎದ್ದು ಹೋಗಿ ನೋಡಲಿ.

ಆ ತೋಳನ್ನು ಪೆನ್ಸಿಲಿನಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಸಾವಕಾಶ ನೋಡಿ. ಇಲ್ಲಿ ಯಾರೂ ಹೊತ್ತು ಅಳೆಯುತ್ತಿಲ್ಲ.

ಮಾರ್ತಾಂಡನ ಅಕ್ಕ,
ಗುರುಬಾಯಿ