ನೀಲಮ್ಮನ ಬಾವಿ

ನಜರ್‌ಬಾದ್, ಮೈಸೂರು
14-3-1956

ಚಿ. ಸೌ. ಸರ್ವಮಂಗಳೆಗೆ ನಿನ್ನ ಅಮ್ಮನ ಆಶೀರ್ವಾದಗಳು.

ಹೆರಿಗೆಗೆ ಯಾವಾಗ ಬರಲಿ ಎಂದು ನೀನು ಕೇಳಿ ಮೂರು ವಾರವಾಯಿತು. ಚೊಚ್ಚಲ ಬಸುರಿ ಮಗಳ ಕಾಗದಕ್ಕೆ ಉತ್ತರ ಬರೆಯದ ಇವಳೆಂಥ ತಾಯಿ ಎಂದು ನಿನ್ನ ಅತ್ತೆಯವರು ಅಂದುಕೊಂಡಿರಬಹುದು. ಅಂದುಕೊಳ್ಳಲಿ, ತಪ್ಪು ನನ್ನದೇ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ.

ಎದುರುಮನೆ ಸರೋಜಮ್ಮನ ಸೊಸೆ ನೀಲಾ ನಮ್ಮ ಬೀದಿಯ ಬಾವಿಗೆ ಬಿದ್ದು ಸತ್ತುಹೋದಳು. ಸತ್ತ ಮಗುವನ್ನು ಹೆತ್ತು ಇನ್ನೂ ತಿಂಗಳಾಗಿರಲಿಲ್ಲ. ಪೊಲೀಸರು ಕಾಲು ಜಾರಿತು ಎಂದು ಬರೆದುಕೊಂಡು ಹೋದರು. ಮೇಲಕ್ಕೆತ್ತಿದಾಗ ಹಣೆಯ ಕುಂಕುಮ ಅಳಿಸಿರಲಿಲ್ಲ ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಮೊದಲ ವಾರ ಹೆದರಿ ಆ ಕಡೆ ಸುಳಿಯದವರು ಎರಡನೇ ವಾರ ಬಾವಿಕಟ್ಟೆಗೆ ಅರಿಶಿನ ಬಳಿದರು, ರಾಟೆಗೆ ಹಸಿರು ಬಳೆ ಕಟ್ಟಿದರು. ಈಗ ಅಲ್ಲಿ ಚಪ್ಪಲಿ ಮೆಟ್ಟುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಮೊನ್ನೆ ದೇವರಾಜ ಮೊಹಲ್ಲಾದಿಂದ ಮಕ್ಕಳಿಲ್ಲದವಳೊಬ್ಬಳು ಬಂದು ಮಡಿಲಕ್ಕಿ ಇಟ್ಟು ಹರಕೆ ಹೊತ್ತಳು. ಸೊಸೆಯನ್ನು ಮನೆಗೆ ಬಂದ ಮಾರಿ ಎಂದು ದಿನಾ ಬಯ್ಯುತ್ತಿದ್ದ ಸರೋಜಮ್ಮನೇ, "ನನ್ ಸೊಸೆ ಸಾಮಾನ್ಯದೋಳಲ್ಲ ಕಣ್ರೀ" ಎನ್ನುತ್ತ ದೀಪ ಹಚ್ಚುತ್ತಾಳೆ. ಇದ್ದಾಗ ತುತ್ತಿಗೂ ಗತಿಯಿಲ್ಲ, ಸತ್ತ ಮೇಲೆ ಹೋಳಿಗೆಯ ಎಡೆ. ನೋಡಿದರೆ ಮೈ ಉರಿಯುತ್ತದೆ.

ಈ ಶುಕ್ರವಾರ ಅವಳ ಹೆಸರಲ್ಲಿ ಕಲ್ಲು ನಿಲ್ಲಿಸುತ್ತಾರಂತೆ. ಬೀದಿಯ ಹಿರಿಯರು ರುದ್ರಸ್ವಾಮಿಯವರು ಮನೆಗೇ ಬಂದು, "ತಾಯಿ, ಈ ಬೀದಿ ಬಾಣಂತೀರ್ಗೆಲ್ಲ ಇದೇ ಬಾವಿ ಮುಂದೆ ಗಂಗೆಪೂಜೆ ಮಾಡ್ಸಿ ಮೈಲಿಗೆ ಕಳ್ದಿರೋ ಕೈ ನಿಮ್ದು. ಮೊದಲ್ನೇ ಕುಂಕುಮ ನೀವೇ ಇಟ್ಬುಡಿ" ಅಂದರು. ನೋಡೋಣ ಎಂದು ಹೇಳಿ ಕಳುಹಿಸಿದೆ. ಅಂದಿನಿಂದ ಊಟ ಸೇರುತ್ತಿಲ್ಲ.

ನೀನು ಇಲ್ಲಿಗೆ ಬರಬೇಡ ಮಗಳೇ. ಚೊಚ್ಚಲು ತವರಲ್ಲೇ ಆಗಬೇಕು, ನನಗೂ ಗೊತ್ತು. ನಾನೇ ತಿಪಟೂರಿಗೆ ಬಂದು ಬಾಣಂತನ ಮಾಡುತ್ತೇನೆ. ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನ ಮಡಿಲು ತುಂಬಿಸಲಿ.

ನಿನ್ನ ಅಮ್ಮ,
ದಾಕ್ಷಾಯಣಮ್ಮ

ತಾ.ಕ.: ಇದನ್ನು ಓದಿ ಹರಿದುಬಿಡು. ಬಾವಿಗೆ ಬೀಳುವ ಹಿಂದಿನ ಸಂಜೆ ನೀಲಾ ತಟ್ಟೆಯಲ್ಲಿ ಅರಿಶಿನ, ವೀಳ್ಯದೆಲೆ ಇಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಿದ್ದಳು. "ಅಮ್ಮಾ, ನಂಗೂ ಗಂಗೆಪೂಜೆ ಮಾಡ್ಸಿ. ಒಂದ್ ಬಿಂದಿಗೆ ನೀರು ಸೇದ್ಕೊಂಡು ಮನೇಗ್ ಹೋಗ್ತೀನಿ. ನಾನೂ ಹೆತ್ತಿದೀನಲ್ವಾ?" ಅಂದಳು. "ಮಗು ಇಲ್ದೋಳ್ಗೆ ಎಂಥ ಗಂಗೆಪೂಜೆನೇ? ಬಾವಿ ಮೈಲಿಗೆ ಆಗುತ್ತೆ, ಹೋಗು" ಅಂದುಬಿಟ್ಟೆ. ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಶುಕ್ರವಾರ ನಾನು ಕುಂಕುಮ ಇಡುತ್ತೇನೆ ಕಣೇ. ಇಡುವುದಿಲ್ಲವೆಂದರೆ ಯಾಕೆ ಎಂದು ಕೇಳುತ್ತಾರೆ.